ಬೆಳಕು ಕುಡಿಯುವ ಬಣ್ಣ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ಇವೆರಡೂ ಒಂದು ಲೆಕ್ಕಕ್ಕೆ ಪರವಾಗಿಲ್ಲ. ಹಿಡಿದವನನ್ನು ಊರು ಗುರುತಿಸುತ್ತದೆ, ನೆಂಟರು ಮರುಗುತ್ತಾರೆ, ಬಿಡಿಸುವುದಕ್ಕೆ ಅಲ್ಲಲ್ಲಿ ಶಿಬಿರಗಳೂ ನಡೆಯುತ್ತವೆ. ನನ್ನ ಚಟಕ್ಕೆ ಶಿಬಿರವೂ ಇಲ್ಲ, ಮರುಕವೂ ಇಲ್ಲ. ಓದಿದವರು ಅದನ್ನು ಹಾಬಿ ಎಂದು ಗೌರವದಿಂದ ಕರೆಯುತ್ತಾರೆ. ನನ್ನ ಹೆಂಡತಿ ಗಿರಿಜಾ ಕೈಕೆರೆತ ಎನ್ನುತ್ತಾಳೆ. ಅವಳ ಮಾತೇ ಸರಿಯೆಂದು ಈಗ ಅನ್ನಿಸುತ್ತದೆ. ಸುಮ್ಮನೆ ಕೂತರೆ ನನ್ನ ಕೈ ತುರಿಸುತ್ತದೆ. ಹಿಂದೊಮ್ಮೆ ರಟ್ಟಿನ ಡಬ್ಬಿಗೆ ಬೆಳ್ಳಿ ಕಾಗದ ಅಂಟಿಸಿ ಬಿಸಿಲೊಲೆ ಮಾಡಿದ್ದೆ. ಅದರಲ್ಲಿ ಅಕ್ಕಿ ಬೇಯಲಿಲ್ಲ, ರಟ್ಟು ಬೆಂದಿತು. ಇನ್ನೊಮ್ಮೆ ತುಳಸಿ ಗಿಡಕ್ಕೆ ತಾನಾಗಿಯೇ ನೀರು ಬೀಳುವ ವ್ಯವಸ್ಥೆ ಮಾಡಿ ಇಬ್ಬರೂ ಮದುವೆಗೆ ಹೋಗಿದ್ದೆವು. ಬಂದು ನೋಡಿದರೆ ತುಳಸಿ ಕೊಳೆತು ಹೋಗಿತ್ತು. ಮನೆ ದೇವರ ಶಾಪ ಎಂದು ಗಿರಿಜಾ ಅತ್ತಳು. ಇಷ್ಟಾದರೂ ಬುದ್ಧಿ ಬರಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ನಾನು ದೊಡ್ಡಬಳ್ಳಾಪುರದವನು. ನಮ್ಮ ಬೀದಿಯಲ್ಲಿ ಮನೆಗೊಂದು ಪವರ್‌ಲೂಮ್ ಮಗ್ಗವಾದರೂ ಇದೆ. ಬೆಳಗಿನಿಂದ ರಾತ್ರಿಯವರೆಗೆ ಆ ಟಕಟಕ ಸದ್ದಿನಲ್ಲೇ ನಾವು ಉಣ್ಣುತ್ತೇವೆ, ಜಗಳವಾಡುತ್ತೇವೆ, ಮಕ್ಕಳನ್ನು ಮಲಗಿಸುತ್ತೇವೆ. ಹೊರಗಿನಿಂದ ಬಂದ ನೆಂಟರಿಗೆ ನಾವೆಲ್ಲ ಯಾವಾಗಲೂ ಕೂಗಾಡುತ್ತಿದ್ದೇವೆ ಎನ್ನಿಸುತ್ತದೆ. ನನ್ನ ಕೆಲಸ ಮಾತ್ರ ಸದ್ದಿಲ್ಲದ್ದು. ಸೀರೆಯ ಅಂಚಿಗೆ, ಸೆರಗಿಗೆ ಡಿಸೈನ್ ಮಾಡುವುದು. ಮೊದಲೆಲ್ಲ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ನವಿಲು, ಮಾವಿನಕಾಯಿ, ಗಂಡಭೇರುಂಡ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಒಂದು ಚೌಕ ತಪ್ಪಿದರೂ ನೇಯ್ದ ಅಷ್ಟೂ ಸೀರೆಯಲ್ಲಿ ನವಿಲಿಗೆ ಕೊಕ್ಕಿರುವುದಿಲ್ಲ. ಅಂಥ ತಪ್ಪು ನನ್ನಿಂದ ಆಗಿಲ್ಲ ಎಂದು ಬೀದಿಯಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಇತ್ತು ಎಂದೇ ಹೇಳಬೇಕು.

ಬೆಳಕು ಸೂಸುವ ಬಣ್ಣದ ವಿಷಯ ನನಗೆ ಗೊತ್ತಾದದ್ದು ಫೋನಿನಿಂದ. ಯಾವನೋ ಒಬ್ಬ ಗೋಡೆಗೆ ಬಣ್ಣ ಬಳಿದ, ತಂತಿ ಸಿಕ್ಕಿಸಿದ, ಸ್ವಿಚ್ ಒತ್ತಿದ, ಗೋಡೆಯೇ ದೀಪವಾಯಿತು. ನನಗೆ ಆ ದಿನ ಊಟ ಸೇರಲಿಲ್ಲ. ಆ ಬಣ್ಣವನ್ನು ಪದರ ಪದರವಾಗಿ ಬಳಿಯಬೇಕು. ಮೊದಲು ವಿದ್ಯುತ್ ಹರಿಯುವ ಪದರ, ಅದರ ಮೇಲೆ ಹರಿಯದ ಪದರ, ಆಮೇಲೆ ಬೆಳಗುವ ಪದರ, ಕೊನೆಗೆ ಮತ್ತೆ ಹರಿಯುವ, ಆದರೆ ಗಾಜಿನಂತೆ ಕಾಣುವ ಪದರ. ತರಿಸಿದೆ. ಹಳೆಯ ಮಣೆಯೊಂದರ ಮೇಲೆ ಉಸಿರು ಬಿಗಿ ಹಿಡಿದು ಬಳಿದೆ. ಸ್ವಿಚ್ ಒತ್ತಿದಾಗ ಮಣೆಯ ಒಂದು ಮೂಲೆ ನೀಲಿಯಾಗಿ ಬೆಳಗಿತು, ಸೊಳ್ಳೆಯಂತೆ ಗುಂಯ್ ಎಂದಿತು, ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಗಿರಿಜಾ ಮೈನ್ ಸ್ವಿಚ್ಚನ್ನೇ ಆರಿಸಿದ್ದಳು. "ಮನೆ ಸುಟ್ಟ ಮೇಲೆ ಬೆಳಕು ಚೆನ್ನಾಗೇ ಬರುತ್ತೆ ಬಿಡಿ" ಎಂದು ಅಡುಗೆಮನೆಗೆ ಹೋದಳು. ಆಗ ನನಗೆ ಸಿಕ್ಕಿದ್ದು ಇನ್ನೊಂದು ಜಾತಿಯ ಬಣ್ಣ. ಅದಕ್ಕೆ ತಂತಿ ಬೇಡ, ಸ್ವಿಚ್ ಬೇಡ. ಹಗಲೆಲ್ಲ ಬೆಳಕು ಕುಡಿಯುತ್ತದೆ, ಕತ್ತಲಾದ ಮೇಲೆ ತಾನಾಗಿಯೇ ಹಸಿರಾಗಿ ಹೊಳೆಯುತ್ತದೆ. ಪುಡಿಯಾಗಿ ಬರುತ್ತದೆ, ವಾರ್ನಿಷಿನಲ್ಲಿ ಕಲಸಿ ಬಳಿದರೆ ಮುಗಿಯಿತು. ಇದಕ್ಕಿಂತ ನಿರಪಾಯದ ವಸ್ತು ಲೋಕದಲ್ಲಿಲ್ಲ ಎಂದು ನಾನು ನಂಬಿದೆ.

ಆ ಪುಡಿಯ ಸಾಧ್ಯತೆಗಳನ್ನು ನಾನು ಹುಡುಕಿದ ಹಾಗೆ ಬೇರಾರೂ ಹುಡುಕಿರಲಾರರು. ಸ್ವಿಚ್ ಬೋರ್ಡಿಗೆ ಹಚ್ಚಿದೆ. ಅದು ಒಳ್ಳೆಯದೇ ಆಯಿತು. ಕೀಲಿಕೈಗೆ, ಬಚ್ಚಲುಮನೆಯ ನಲ್ಲಿಗೆ, ಟೀವಿ ರಿಮೋಟಿಗೆ, ಸಂಪಿನ ಮುಚ್ಚಳಕ್ಕೆ ಹಚ್ಚಿದೆ. ಗಡಿಯಾರದ ಮುಳ್ಳುಗಳಿಗೆ ಹಚ್ಚಿ ಅಂಕಿಗಳಿಗೆ ಹಚ್ಚುವುದನ್ನು ಮರೆತೆ. ರಾತ್ರಿ ಗೋಡೆಯ ಮೇಲೆ ಎರಡು ಹಸಿರು ಗೆರೆಗಳು ಯಾವುದೋ ದಿಕ್ಕು ತೋರಿಸುತ್ತ ನಿಂತಿರುತ್ತಿದ್ದವು. ಕುಕ್ಕರಿನ ವಿಷಲ್ಲಿಗೆ ಹಚ್ಚಿದ್ದನ್ನು ಗಿರಿಜಾ ಉಜ್ಜಿ ತೆಗೆದಳು. ಕ್ಯಾಲೆಂಡರಿನ ದೇವರ ಕಣ್ಣಿಗೆ ಒಂದೊಂದು ಚುಕ್ಕೆ ಇಟ್ಟದ್ದು ಭಕ್ತಿಯಿಂದಲೇ. ಆದರೆ ನೀರು ಕುಡಿಯಲು ಎದ್ದ ಗಿರಿಜಾ ಕತ್ತಲೆಯಲ್ಲಿ ಮೈಯಿಲ್ಲದ ಎರಡು ಕಣ್ಣು ತನ್ನನ್ನೇ ನೋಡುವುದನ್ನು ಕಂಡು ಕಿರುಚಿದ್ದಕ್ಕೆ ಪಕ್ಕದ ಮನೆಯವರೂ ಎದ್ದು ಬಂದರು. ಆಮೇಲೆ ಒಂದು ವಾರ ಅವಳು ನನಗೆ ಮಾತಿಗಿಂತ ಹೆಚ್ಚಾಗಿ ತಟ್ಟೆ ಕುಕ್ಕಿದ ಸದ್ದನ್ನೇ ಕೇಳಿಸಿದಳು.

ಇಲ್ಲಿ ನಮ್ಮ ಎದುರುಮನೆಯ ವಿಷಯ ಹೇಳಬೇಕು. ಅದು ನಮ್ಮ ದೊಡ್ಡಪ್ಪನ ಮನೆ. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ ನಾಗಣ್ಣ, ಅತ್ತಿಗೆ ಅಲ್ಲಿದ್ದರು. ನಾಗಣ್ಣನಿಗೂ ನನಗೂ ಕೆಲವು ವರ್ಷ ಮಾತಿರಲಿಲ್ಲ. ಅವನು ಹೊಸದಾಗಿ ತಂದ ಮಗ್ಗದ ಅದುರಾಟಕ್ಕೆ ನಮ್ಮ ಗೋಡೆಯ ಗಾರೆ ಬಿತ್ತು. ನಾನು ಸಿಟ್ಟಿನಲ್ಲಿ, ಅದೂ ನಾಲ್ಕು ಜನರ ಮುಂದೆ, "ಆ ಮಗ್ಗಾನ ಗುಜರಿಗೆ ಹಾಕು" ಎಂದುಬಿಟ್ಟೆ. ನೇಯುವವನ ಮಗ್ಗಕ್ಕೆ ಅಂಥ ಮಾತು ಅನ್ನಬಾರದು. ಅಣ್ಣ ಮಾತು ನಿಲ್ಲಿಸಿದ. ಬೇರೆ ಕಡೆಯ ಅಣ್ಣ ತಮ್ಮಂದಿರು ಮಾತು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡದೆ ಇರಬಹುದು. ನಮ್ಮದು ಎದುರುಬದುರು ಬಾಗಿಲು. ಬೆಳಿಗ್ಗೆ ಹಲ್ಲುಜ್ಜುವಾಗ ಎದುರಿಗೇ ನಿಂತು, ಅವನು ಆಕಾಶ ನೋಡುತ್ತಿದ್ದ, ನಾನು ಚರಂಡಿ ನೋಡುತ್ತಿದ್ದೆ. ಈ ಯುಗಾದಿಗೆ ದೊಡ್ಡಪ್ಪ ಕೋಲೂರಿಕೊಂಡು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಒಂದೇ ಬಟ್ಟಲಿನ ಬೇವುಬೆಲ್ಲವನ್ನು ಇಬ್ಬರ ಬಾಯಿಗೂ ಹಾಕಿದರು. "ನಾನಿರೋವಾಗ್ಲೇ ಮಾತಾಡ್ಬಿಡ್ರಲಾ" ಎಂದರು. ಅಣ್ಣ "ಕಾಫಿ ಕುಡಿ" ಎಂದ. ಅಲ್ಲಿಂದ ಮಾತು ಶುರುವಾಯಿತು. ಆದರೂ ಕಡಿದ ಎಳೆಗೆ ಗಂಟು ಹಾಕಿದ ಹಾಗೆ, ಜೋರಾಗಿ ಎಳೆಯುವುದಕ್ಕೆ ಇಬ್ಬರಿಗೂ ಹೆದರಿಕೆ ಇತ್ತು. ಆ ಗಂಟು ನಿಲ್ಲಬೇಕು ಎನ್ನುವುದು ಬಿಟ್ಟರೆ ನನಗೆ ಬೇರೆ ದೊಡ್ಡ ಆಸೆಯೇನೂ ಇರಲಿಲ್ಲ.

ಅದೇ ಸಮಯಕ್ಕೆ ಗಿರಿಜಾಳ ಮಂಡಿ ಕೈಕೊಟ್ಟಿತು. ಕುಕ್ಕರುಗಾಲಲ್ಲಿ ಕೂರಬೇಡಿ ಎಂದರು ಡಾಕ್ಟರು. ಕೂರದೆ ರಂಗೋಲಿ ಹಾಕುವುದು ಹೇಗೆ? ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದೆ ಅವಳು ಕಾಫಿ ಮುಟ್ಟುವವಳಲ್ಲ. ಒಂದು ಕೈ ಕಂಬದ ಮೇಲಿಟ್ಟು, ಅಮ್ಮಾ ಅಮ್ಮಾ ಎಂದು ನರಳುತ್ತ ಅವಳು ಚುಕ್ಕಿ ಇಡುವುದನ್ನು ನೋಡಿ ನನಗೆ ಮರುಕ ಹುಟ್ಟಿತು. ಅದರ ಜೊತೆಗೇ ಕೈಯೂ ತುರಿಸಿತು. "ಇನ್ಮೇಲೆ ನೀನು ಬಗ್ಗೋದೇ ಬೇಡ. ಒಂದೇ ಸಲ ಹಾಕ್ಬಿಡ್ತೀನಿ, ಜನ್ಮಕ್ಕಾಗುತ್ತೆ" ಎಂದೆ. ಅವಳು ನನ್ನ ಮುಖ ನೋಡಿ, "ರಂಗೋಲಿ ದಿನಾ ಅಳಿಸಿ ದಿನಾ ಹಾಕೋದು ಕಣ್ರೀ. ಜನ್ಮಕ್ಕೆ ಆಗೋ ಹಾಗೆ ಹಾಕೋದಾಗಿದ್ರೆ ನಮ್ಮಮ್ಮ ನಂಗೆ ಯಾಕೆ ಕಲಿಸ್ತಿದ್ಲು?" ಎಂದಳು. ಬೆಂಗಳೂರಿನ ಬಡಾವಣೆಗಳಲ್ಲಿ ಎಲ್ಲರೂ ಬಿಳಿ ಪೇಂಟಿನಲ್ಲಿ ಬರೆದುಕೊಂಡಿದ್ದಾರೆ ಎಂದು ವಾದಿಸಿದೆ. ಮಂಡಿ ನೋವಿನವರು ಹೆಚ್ಚು ಹೊತ್ತು ವಾದಿಸಲಾರರು. ಗೆದ್ದೆ.

ಮನೆ ಮುಂದಿನ ಕಲ್ಲು ಚಪ್ಪಡಿಗಳನ್ನು ತೊಳೆದು ಒಣಗಿಸಿ ಬಿಳಿ ಬಳಿದು, ಅದರ ಮೇಲೆ ಬರೆದೆ. ನಡುವೆ ದೊಡ್ಡ ತಾವರೆ, ಸುತ್ತ ನವಿಲು, ನವಿಲಿನ ಸುತ್ತ ಮಾವಿನಕಾಯಿ ಅಂಚು. ರೇಷ್ಮೆ ಸೀರೆಗೆ ಹಾಕುವ ಅಂಚನ್ನೇ ಬಾಗಿಲಿಂದ ರಸ್ತೆಯವರೆಗೆ ಹಾಸಿದೆ. ಹೊಳಪು ಸಾಲದೇನೋ ಎಂದು ಪುಡಿಯನ್ನು ಧಾರಾಳವಾಗಿ ಕಲಸಿದ್ದೆ. ಮೇಲೆ ಗಟ್ಟಿ ವಾರ್ನಿಷ್ ಎಳೆದೆ. ನೀರಿಗೆ ಹೋಗುವುದಿಲ್ಲ, ಕಾಲಿಗೆ ಸವೆಯುವುದಿಲ್ಲ, ಸೀಮೆಎಣ್ಣೆಗೆ ಬಗ್ಗುವುದಿಲ್ಲ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಹಗಲಲ್ಲಿ ಅದು ಪೇಲವವಾಗಿ, ಹಾಲು ಚೆಲ್ಲಿದ ಹಾಗೆ ಇರುತ್ತಿತ್ತು. ಸಂಜೆ ಕರೆಂಟು ಹೋದಾಗ ನೋಡಬೇಕಿತ್ತು! ತಾವರೆ ನೆಲದಿಂದ ಎದ್ದು ನಿಂತ ಹಾಗೆ. ಬೀದಿಯವರೆಲ್ಲ ಬಂದರು. ಫೋಟೋ ತೆಗೆದರು. ಕರೆಂಟು ಬಂದರೆ "ಥೂ, ಬಂದ್ಬಿಡ್ತು" ಎಂದು ಬೈದುಕೊಂಡರು. ದೊಡ್ಡಪ್ಪ ಜಗಲಿಯ ಮೇಲೆ ಕೂತು ನೋಡಿದರು. ಅಣ್ಣ ದಾಟಿಕೊಂಡು ಬಂದು ನನ್ನ ಪಕ್ಕ ನಿಂತು, "ಚೆನ್ನಾಗ್ ಮಾಡಿದ್ದೀಯ ಕಣೋ" ಎಂದ. ಗಿರಿಜಾ ಮಾತ್ರ ಹೊಸ್ತಿಲಲ್ಲಿ ನಿಂತು, ತನ್ನ ರಂಗೋಲಿ ಡಬ್ಬಿಯನ್ನು ಎಲ್ಲಿಡುವುದೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಉಂಡು ಮಲಗಿದ ದೊಡ್ಡಪ್ಪ ಏಳಲಿಲ್ಲ. ದೊಡ್ಡಮ್ಮನ ಕೂಗು ಕೇಳಿ ನಾವು ಓಡಿದೆವು. ಸುದ್ದಿ ಹರಡಿದ ಹಾಗೆ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ನಮ್ಮಲ್ಲಿ ಸಾವಿನ ಗುರುತೇ ಅದು. ಕೊನೆಯ ಮಗ್ಗವೂ ನಿಂತಾಗ ಬೀದಿಯಲ್ಲಿ ಉಳಿದ ಆ ನಿಶ್ಶಬ್ದವನ್ನು ತಡೆದುಕೊಳ್ಳಲಾರದೆ ನಾನು ಗೋಡೆಗೆ ಒರಗಿ ಅತ್ತೆ. ಅಪ್ಪ ಹೋದ ಮೇಲೆ ನನಗೆ ಅಪ್ಪನಾಗಿದ್ದವರು ಅವರು. ಅವರನ್ನು ಮನೆಯ ಮುಂದೆ, ನಮ್ಮ ಬಾಗಿಲಿಗೆ ಎದುರಾಗಿ ಮಲಗಿಸಿದರು. ಸೂಲಿಬೆಲೆಯಿಂದ ಅಣ್ಣನ ಅಕ್ಕ ಸಾವಿತ್ರಕ್ಕ ಬರಬೇಕು, ದೂರದ ನೆಂಟರೂ ಬರಬೇಕು, ಆದ್ದರಿಂದ ಮಣ್ಣು ಮಾಡುವುದು ಬೆಳಿಗ್ಗೆಗೆ ಎಂದಾಯಿತು. ಶಾಮಿಯಾನ ಬಂತು. ನಾನು ಕುರ್ಚಿ ಹಾಕಿಸುತ್ತಿದ್ದಾಗ ಗಿರಿಜಾ ಬಂದು ನನ್ನ ತೋಳು ಹಿಡಿದಳು. "ಸೂತಕ ನಮಗೂ ಇದೆಯಲ್ರೀ. ಬಾಗಿಲಲ್ಲಿ ರಂಗೋಲಿ..." ಎಂದಳು.

ಸೂತಕದ ಮನೆಯ ಮುಂದೆ ರಂಗೋಲಿ ಇರಬಾರದು. ಬೆಳಿಗ್ಗೆ ಹಾಕಿದ್ದಿದ್ದರೂ ಸುದ್ದಿ ಬಂದ ಕೂಡಲೇ ಒಂದು ಬಿಂದಿಗೆ ನೀರು ಸುರಿದು ಅಳಿಸುತ್ತಾರೆ. ಅಷ್ಟು ಸುಲಭದ ಕೆಲಸ ಅದು. ಅತ್ತಿಗೆ ಆಗಲೇ ತಮ್ಮ ಬಾಗಿಲಿನದನ್ನು ಅಳಿಸಿಯಾಗಿತ್ತು, ಅಕ್ಕಪಕ್ಕದವರೂ ಅಳಿಸಿದ್ದರು. ಬೀದಿಗೆಲ್ಲ ಒಂದೇ ಒಂದು ರಂಗೋಲಿ ಉಳಿದದ್ದು ನಮ್ಮ ಬಾಗಿಲಲ್ಲಿ, ಹೆಣದ ಎದುರಿಗೆ. ನೀರು ಸುರಿದೆ, ಧೂಳು ಹೋಗಿ ಇನ್ನಷ್ಟು ಸ್ವಚ್ಛವಾಯಿತು. ಸೀಮೆಎಣ್ಣೆ ಹಾಕಿ ಉಜ್ಜಿದೆ. ನಾನು ಊರಿಗೆಲ್ಲ ಸಾರಿದ್ದ ಮಾತು ಅಕ್ಷರಶಃ ನಿಜವಾಯಿತು. ಸಗಣಿ ಬಗ್ಗಡ ಸಾರಿಸಿದೆ. ವಾರ್ನಿಷಿನ ಮೇಲೆ ಅದು ಹಿಡಿಯದೆ ಜಾರಿ ರಸ್ತೆಗೆ ಹೋಯಿತು. ಒಳಗಿದ್ದ ಗೋಣಿಚೀಲಗಳನ್ನೆಲ್ಲ ತಂದು ಹಾಸಿದೆ. ಸಮಾಧಾನದಿಂದ ಉಸಿರು ಬಿಟ್ಟು ಆ ಕಡೆ ಹೋಗಿ ಬರುವಷ್ಟರಲ್ಲಿ, ಕುರ್ಚಿ ಸಾಲದೆ ನಿಂತಿದ್ದ ಹಳ್ಳಿಯ ನೆಂಟರು ಆ ಗೋಣಿಚೀಲಗಳನ್ನು ಎತ್ತಿಕೊಂಡು ಹೋಗಿ ಅಲ್ಲಲ್ಲಿ ಹಾಸಿ ಕೂತಿದ್ದರು. ಅಳುತ್ತ ಕೂತವರ ಕೆಳಗಿನಿಂದ ಚೀಲ ಎಳೆಯುವುದು ಹೇಗೆ? ಮನೆಯಲ್ಲಿದ್ದ ಹಳೆಯ ಸೀರೆಗಳನ್ನು ಹಾಸೋಣವೆಂದರೆ, ಹೆಣದ ಮುಂದೆ ಸೀರೆ ಅಂಗಡಿ ಇಟ್ಟ ಹಾಗಾಗುತ್ತದೆ ಎಂದು ಗಿರಿಜಾ ಕಿತ್ತುಕೊಂಡಳು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಬಂದವರಿಗೆಲ್ಲ ಕೈ ಮುಗಿದು, "ಚಪ್ಪಲಿ ಇಲ್ಲೇ ಬಿಡಿ, ಇಲ್ಲೇ ಬಿಡಿ" ಎಂದು ರಂಗೋಲಿಯ ಮೇಲೆ ಬಿಡಿಸತೊಡಗಿದೆ. ಸಂಜೆಯ ಹೊತ್ತಿಗೆ ತಾವರೆ ಪೂರ್ತಿ ಚಪ್ಪಲಿಗಳಲ್ಲಿ ಮುಚ್ಚಿಹೋಯಿತು. ಸಾವಿನ ಮನೆಗೆ ಜನ ಇನ್ನಷ್ಟು ಬರಲಿ ಎಂದು ಹಾರೈಸಿದ ಪಾಪಿ ನಾನೊಬ್ಬನೇ ಇರಬೇಕು.

ಶಾಮಿಯಾನದವನು ಒಂದು ದೊಡ್ಡ ಫೋಕಸ್ ಲೈಟು ತಂದು ಕಂಬಕ್ಕೆ ಕಟ್ಟಿದ. ಅದರ ಮುಖ ನೇರವಾಗಿ ನಮ್ಮ ಬಾಗಿಲಿಗೆ. ಹಗಲೆಲ್ಲ ಬಿಸಿಲು ಕುಡಿದ ಬಣ್ಣ ಈಗ ಇದನ್ನೂ ಕುಡಿಯುತ್ತಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. "ಅದನ್ನ ಆ ಕಡೆ ತಿರುಗಿಸಪ್ಪಾ" ಎಂದು ಬೇಡಿಕೊಂಡೆ. "ಚಪ್ಪಲಿ ಕಾಣ್ಬೇಕಲ್ಲ ಗುರು, ಅದಲುಬದಲಾಗುತ್ತೆ" ಎಂದ. ನನ್ನ ಉಪಾಯಕ್ಕೆ ನಾನೇ ಸಿಕ್ಕಿಬಿದ್ದೆ. ದೂರದಲ್ಲಿ ಸಾವಿತ್ರಕ್ಕನ ಕಾರಿನ ಹಾರನ್ ಕೇಳಿತು. ಹಿರಿಯರು "ಹೆಣ್ಣುಮಗಳು ಬರೋದಕ್ಕೆ ದಾರಿ ಬಿಡಿ" ಎಂದರು. ನಾಲ್ಕಾರು ಜನ ಎದ್ದು ಚಪ್ಪಲಿಗಳನ್ನು ಕಾಲಿಂದ ಅತ್ತ ಇತ್ತ ತಳ್ಳಿ ಜಾಗ ಮಾಡಿದರು. ಅವಳು ಕಾರಿನಿಂದ ಇಳಿದು "ಅಪ್ಪಾ" ಎಂದು ಕೂಗಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು.

ಇಡೀ ಬೀದಿ ಕಪ್ಪಾಯಿತು, ನಮ್ಮ ಬಾಗಿಲೊಂದು ಬಿಟ್ಟು. ತಾವರೆ ಅರಳಿತು. ನವಿಲುಗಳು ಎದ್ದವು. ಮಾವಿನಕಾಯಿ ಅಂಚು ರಸ್ತೆಯವರೆಗೆ ಮದುವೆಮನೆಯ ಹಾಗೆ ಝಗಝಗಿಸಿತು. ಆ ಹಸಿರು ಬೆಳಕು ಹೋಗಿ ಎದುರಿಗೆ ಮಲಗಿದ್ದ ದೊಡ್ಡಪ್ಪನ ಮುಖದ ಮೇಲೆ ಬಿತ್ತು. ಅಳು ನಿಂತುಹೋಯಿತು. ಎಲ್ಲರೂ ತಿರುಗಿ ನೋಡಿದರು. ನನಗೆ ಏನು ತೋಚಿತೋ, ಓಡಿಹೋಗಿ ತಾವರೆಯ ನಡುವೆ ಪಂಚೆ ಹರಡಿಕೊಂಡು ಕೂತೆ, ಆದಷ್ಟಾದರೂ ಮುಚ್ಚೋಣವೆಂದು. ಮುಚ್ಚಿದ್ದು ನಡುವಿನ ಬೊಟ್ಟೊಂದೇ. ದಳಗಳೆಲ್ಲ ನನ್ನ ಸುತ್ತ ಹೊಳೆಯುತ್ತಿದ್ದವು. ಕ್ಯಾಲೆಂಡರಿನ ದೇವರುಗಳು ಕೂರುವ ಭಂಗಿಯಲ್ಲಿ, ಬಿಳಿ ಪಂಚೆಯುಟ್ಟು, ಕಾಲು ಮಡಚಿ ನಾನು ಕೂತಿದ್ದೆ. ಯಾರೋ ಮುದುಕಿಯೊಬ್ಬಳು ಕೈಯನ್ನೂ ಮುಗಿದಳು. ಸಾವಿತ್ರಕ್ಕ ಹತ್ತಿರ ಬಂದು ನಿಂತಳು. ಬಯ್ಯಲಿಲ್ಲ, ಮೆಲ್ಲಗೆ ಕೇಳಿದಳು: "ಇವತ್ತು ಯಾವ ಹಬ್ಬ ಕಣೋ ನಿಂಗೆ?" ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಅಣ್ಣ ಬಂದು, "ಎದ್ದು ಒಳಗ್ ಹೋಗು" ಎಂದ. ಗುಜರಿ ಮಾತಿನ ದಿನವೂ ಅವನ ದನಿ ಅಷ್ಟು ತಣ್ಣಗಿರಲಿಲ್ಲ.

ಬೆಳಿಗ್ಗೆ ಹೆಗಲು ಕೊಡಲು ಹೋದೆ. ಅಣ್ಣ ಬೇಡ ಎನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ಸೂತಕದ ದಿನಗಳು ಹೇಗೆ ಕಳೆದವೆಂದು ಕೇಳಬೇಡಿ. ಮರುದಿನ ತಾಡಪಾಲು ಕೊಂಡು ತಂದು ಹಗಲೆಲ್ಲ ಹೊದಿಸಿಟ್ಟರೂ ಅದರ ಅಂಚಿನಿಂದ ಒಂದೆರಡು ನವಿಲು ಕತ್ತು ಚಾಚಿ ಸಂಜೆ ಇಣುಕುತ್ತಿದ್ದವು. ಹೆಂಗಸರು ನಮ್ಮ ಬಾಗಿಲು ಬಂದಾಗ ಸೆರಗು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಿದ್ದರು, ಅಳುವುದಕ್ಕೋ ನಗುವುದಕ್ಕೋ ತಿಳಿಯದು. ದೊಡ್ಡಪ್ಪ ಹೋದದ್ದಕ್ಕೆ ನಾನು ದೀಪಾಲಂಕಾರ ಮಾಡಿಸಿದೆ ಎಂಬ ಸುದ್ದಿ ತೂಬಗೆರೆಯವರೆಗೆ ಹೋಗಿತ್ತು. ನಾನೇ ಉಳಿ ಸುತ್ತಿಗೆ ಹಿಡಿದು ಚಪ್ಪಡಿಗಳನ್ನು ಕೆತ್ತಿದೆ, ಕೆತ್ತಿದ್ದು ಸಾಲದೆ ಒಡೆದೆ. ಹೊಸ ಕಲ್ಲು ಹಾಸಿಸುವ ಹೊತ್ತಿಗೆ ನನ್ನ ಅಂಗೈಯೂ ಕಲ್ಲಾಗಿತ್ತು. ಅಣ್ಣ ಮತ್ತೆ ಆಕಾಶ ನೋಡಲು ಶುರು ಮಾಡಿದ್ದ. ದೊಡ್ಡಪ್ಪ ಕಟ್ಟಿಹೋದ ಒಂದೇ ಒಂದು ಗಂಟನ್ನು ಅವರ ಹೆಣದ ಮುಂದೆಯೇ ಕಡಿದೆನಲ್ಲ ಎಂದು ಯೋಚಿಸಿದಾಗಲೆಲ್ಲ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಇನ್ನು ಕೋಲೂರಿಕೊಂಡು ಬಂದು ಕೈ ಹಿಡಿದು ಎದುರುಮನೆಗೆ ಎಳೆಯುವವರು ಯಾರಿದ್ದಾರೆ?

ಸೂತಕ ಕಳೆದ ಮರುದಿನ ಬೆಳಿಗ್ಗೆ ಗಿರಿಜಾ ನನ್ನನ್ನು ಎಬ್ಬಿಸಿ ರಂಗೋಲಿ ಡಬ್ಬಿ ಕೈಗಿಟ್ಟಳು. "ನನ್ ಮಂಡಿ ಬಗ್ಗಲ್ಲ. ನೀವು ಹಾಕಿ. ದಿನಾ" ಎಂದಳು. ಶಿಕ್ಷೆ ನ್ಯಾಯವಾಗಿತ್ತು. ಲುಂಗಿ ಎತ್ತಿ ಕಟ್ಟಿ ಬೀದಿಯ ಎಲ್ಲ ಹೆಂಗಸರ ನಡುವೆ ನಾನೊಬ್ಬ ಗಂಡಸು ಕೂತೆ. ಕಂಪ್ಯೂಟರಿನಲ್ಲಿ ಸಾವಿರ ನವಿಲು ಬರೆದ ಕೈಗೆ ಆ ಪುಡಿ ಬಗ್ಗಲಿಲ್ಲ. ಒಂದು ಕಡೆ ಧಾರೆಯಾಗಿ ಸುರಿಯಿತು, ಇನ್ನೊಂದು ಕಡೆ ಬೀಳಲೇ ಇಲ್ಲ. ಎರಡು ಮೂರು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ದೊಡ್ಡಮ್ಮ ಮೊದಲ ಸಲ ಜಗಲಿಗೆ ಬಂದು ಕೂತಿದ್ದರು. ಪಕ್ಕದಲ್ಲಿ ಅಣ್ಣ ಕಾಫಿ ಕುಡಿಯುತ್ತಿದ್ದ. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನ ದನಿ ಕೇಳಿತು: "ಅಮ್ಮಾ, ಅವನಿಗೆ ಹೇಳು, ಆ ಬಲಗಡೆ ಗೀಟು ಸೊಟ್ಟ ಹೋಗ್ತಾ ಇದೆ." ದೊಡ್ಡಮ್ಮ ಹೇಳುವ ಅಗತ್ಯವೇ ಇರಲಿಲ್ಲ. ಬೀದಿ ಎಷ್ಟು ಅಗಲವಿದ್ದೀತು? ನಾನು ಗೀಟು ಸರಿ ಮಾಡಿದೆ. ಕಣ್ಣು ಮಂಜಾಗಿ ಅದು ಇನ್ನಷ್ಟು ಸೊಟ್ಟಗಾಯಿತು. "ಈಗ ಎಡಗಡೇದೂ ಹೋಯ್ತು ಅಂತ ಹೇಳಮ್ಮ" ಎಂದ.

ಅಂದಿನಿಂದ ಅವನು ದಿನವೂ ಕಾಫಿ ಲೋಟ ಹಿಡಿದು ಜಗಲಿಗೆ ಬರುತ್ತಾನೆ. ಸೊಟ್ಟ ಕಂಡರೆ ಅಮ್ಮನಿಗೆ ಹೇಳುತ್ತಾನೆ. ಅಷ್ಟು ಬಿಟ್ಟು ಬೇರೆ ಮಾತಿಲ್ಲ. ಈಗ ತೊಂದರೆ ಏನೆಂದರೆ, ನನ್ನ ಕೈ ಪಳಗಿಬಿಟ್ಟಿದೆ. ಹೋದ ವಾರ ಒಂದು ದಿನ ರಂಗೋಲಿ ಅಚ್ಚುಕಟ್ಟಾಗಿ, ಮಗ್ಗದಿಂದ ಇಳಿದ ಅಂಚಿನಂತೆ ಬಂತು. ಹಿಗ್ಗಿನಿಂದ ತಲೆ ಎತ್ತಿ ನೋಡಿದೆ. ಅಣ್ಣ ಬಗ್ಗಿ ಬಗ್ಗಿ ನೋಡಿದ, ಹೇಳುವುದಕ್ಕೆ ಏನೂ ಸಿಗದೆ ಲೋಟ ಕೆಳಗಿಟ್ಟು ಒಳಗೆ ಹೋದ. ಆ ದಿನವೆಲ್ಲ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮರುದಿನದಿಂದ ಎಲ್ಲೋ ಒಂದು ಕಡೆ ಒಂದು ಗೀಟನ್ನು ಬೇಕೆಂದೇ ಓರೆ ಮಾಡುತ್ತಿದ್ದೇನೆ. ಅಷ್ಟು ಕಲಿತ ಮೇಲೂ ಇವರಿಗೆ ನೆಟ್ಟಗೆ ಬರುವುದಿಲ್ಲವಲ್ಲ ಎಂದು ಗಿರಿಜಾ ಹಣೆ ಚಚ್ಚಿಕೊಳ್ಳುತ್ತಾಳೆ. ಡಿಸೈನ್ ಮಾಡುವವನ ಕೈ ಹೋಯಿತು ಎಂದು ಬೀದಿಯಲ್ಲಿ ಮಾತಾಗಿದೆ, ಒಬ್ಬಿಬ್ಬರು ಸೀರೆ ಕೆಲಸ ಕೊಡುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಾರೆ. ಆದರೂ ಏನು ಮಾಡಲಿ? ಓರೆ ಬಹಳ ಸಣ್ಣದಾದರೆ ಅಣ್ಣನ ಕಣ್ಣಿಗೆ ಬೀಳುವುದಿಲ್ಲ, ದೊಡ್ಡದಾದರೆ ಬೇಕೆಂದೇ ಮಾಡಿದ್ದೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ರಾತ್ರಿ ಊಟವಾದ ಮೇಲೆ ಕೂತು, ನಾಳೆ ಯಾವ ಗೀಟನ್ನು ಎಷ್ಟು ಸೊಟ್ಟ ಎಳೆಯಬೇಕೆಂದು ಗ್ರಾಫ್ ಹಾಳೆಯ ಮೇಲೆ ಚೌಕ ಎಣಿಸಿ ಗುರುತು ಹಾಕಿಕೊಳ್ಳುತ್ತೇನೆ.